ಅಕ್ಕ ಮುಂದೆ ನಿಂತು ಹಾಕಿಸಿದ ನೆಲ

ಚನ್ನರಾಯಪಟ್ಟಣದ ನನ್ನ ಅಕ್ಕನ ಮನೆಗೆ ಟೈಲ್ಸ್ ಹಾಕಿಸಿದ ವರ್ಷ, ಯುಗಾದಿಯ ಮಾರನೆಯ ದಿನ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಬಾಡೂಟ ಒಂದು ನೆಪ, ಅಕ್ಕನಿಗೆ ನೆಲ ತೋರಿಸಬೇಕಿತ್ತು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹಾಲಿನ ತುಂಬ ಕೆನೆಬಣ್ಣದ ದೊಡ್ಡ ದೊಡ್ಡ ಟೈಲ್ಸು. ಮೇಲೆ ತಿರುಗುತ್ತಿದ್ದ ಫ್ಯಾನು ಕೆಳಗೂ ತಿರುಗುತ್ತಿತ್ತು.

"ಅರಮನೆ ಆಗೋಯ್ತಲ್ಲಕ್ಕಾ" ಎಂದೆ.

ಅಕ್ಕ ಖುಷಿಯಿಂದ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾವ ಅಂಗಿ ಬದಲಿಸಲು ಕೋಣೆಯ ಕಡೆ ಹೊರಟರು. ಕೋಣೆಯ ಬಾಗಿಲು ಅರ್ಧ ತೆರೆದು, ಕಿರ್ರ್ ಎಂದು ನೆಲ ಕಚ್ಚಿಕೊಂಡು ನಿಂತುಬಿಟ್ಟಿತು. ಭಾವ ಕೊಬ್ಬರಿ ವ್ಯಾಪಾರದವರು, ದಿನವಿಡೀ ಕೂತೇ ವ್ಯಾಪಾರ ಮಾಡುವ ಮೈ. ಹೊಟ್ಟೆಯನ್ನು ಒಳಗೆಳೆದುಕೊಂಡು, ಅಡ್ಡಡ್ಡಲಾಗಿ ತಿರುಗಿ, ಹೇಗೋ ನುಸುಳಿದರು. ಒಳಗಿನಿಂದಲೇ ಕೂಗಿದರು: "ನೋಡಪ್ಪಾ, ನೆಲ ಆಕ್ಸಿದ್ಮೇಲೆ ನಮ್ಮನೇಲಿ ಒಟ್ಟೆ ಇರೋರ್ಗೆ ರೂಮಿಲ್ಲ!"

ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು. ಆದರೆ ಊಟವಾದ ಮೇಲೆ ಕೈತೊಳೆಯಲು ಹಿತ್ತಲಿಗೆ ಹೋದಾಗ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವಳೊಬ್ಬಳೇ ನಿಂತಿದ್ದಳು. ಸೆರಗು ಕಣ್ಣಿನ ಹತ್ತಿರ ಇತ್ತು.

ಅಕ್ಕ ನನಗಿಂತ ತುಂಬ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳು ಅತ್ತದ್ದನ್ನು ನಾನು ನೋಡಿದ್ದೇ ಕಡಿಮೆ. "ಏನಕ್ಕಾ, ಬಾಗಿಲು ತಾನೇ? ಬಡಗಿ ಬಂದು ಕೆಳಗೆ ಒಂದಿಷ್ಟು ಕುಯ್ದರೆ ಆಯ್ತು" ಎಂದೆ.

"ಬಾಗ್ಲು ಮನೆ ಆಳಾಗೋಗ್ಲಿ. ಒಸ್ಲು ನೋಡ್ದಾ?"

ನಾನು ನೋಡಿರಲಿಲ್ಲ. ಆಮೇಲೆ ಅವಳು ಹೇಳಿದಳು. ಅಂಗಡಿಯವನು ಚದರಡಿಗೆ ಇಷ್ಟು ಎಂದಷ್ಟೇ ಹೇಳಿದ್ದ. ಹಳೇ ನೆಲ ಒಡೆಯೋದೇ ಬೇಡ, ಅದರ ಮೇಲೇ ಕೂರಿಸೋಣ, ಒಡೆಸುವ ಖರ್ಚು ಉಳಿಯುತ್ತೆ ಎಂದಿದ್ದ. ಇವಳು ಉಳಿಯಿತಲ್ಲ ಎಂದು ಒಪ್ಪಿಕೊಂಡಳು. ಲಾರಿ ಬಂದು ನಿಂತ ಮೇಲೆ ಬಾಡಿಗೆ ಬೇರೆ ಎಂದರು. ಇಳಿಸುವವರು ಬೇರೆ, ಇಳಿಸಿದ್ದನ್ನು ಗೇಟಿನಿಂದ ಒಳಗೆ ತರುವುದು ಮತ್ತೂ ಬೇರೆ. ಸಿಮೆಂಟು, ಮರಳು, ಗೋಡೆಯ ಬುಡದ ಪಟ್ಟಿ, ಮೂಲೆಗೆ ಕತ್ತರಿಸುವಾಗ ಒಡೆದುಹೋದ ಟೈಲ್ಸು, ಎಲ್ಲವೂ ಒಂದೊಂದಾಗಿ ಬಂದವು. ಅದನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ, ಯಾರೂ ಹೇಳದೇ ಇದ್ದ ಇನ್ನೊಂದು ಖರ್ಚು ಬಂತು. ನೆಲ ಮೇಲೆದ್ದಿತ್ತು. ನಾಲ್ಕು ಬೆರಳು ಎತ್ತರ ಇದ್ದ ತಲೆಬಾಗಿಲ ಹೊಸಿಲು ನೆಲದ ಸಮಕ್ಕೆ ಮುಳುಗಿಹೋಗಿತ್ತು.

ಅಕ್ಕನ ಅತ್ತೆ ಪ್ರತಿ ಶುಕ್ರವಾರ ಹೊಸಿಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವಿಡುವವರು. ಹೊಸ ನೆಲದ ಮೊದಲ ಶುಕ್ರವಾರ ಬಟ್ಟಲು ಹಿಡಿದು ಬಂದು ಬಗ್ಗಿದರಂತೆ. ಬೆರಳು ಹೊಸಿಲಿನ ಮುಖ ಹುಡುಕಿತಂತೆ. ಸಿಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬಟ್ಟಲು ತೆಗೆದುಕೊಂಡು, ಒಳಗೆ ಹೋದರಂತೆ.

"ಬೈದಿದ್ರೆ ಚೆಂದಾಗಿರೋದು ಕಣ್ಲಾ" ಎಂದಳು ಅಕ್ಕ. "ಒಂದ್ ಮಾತೂ ಬೈಲಿಲ್ಲ."

ಅದಾಗಿ ಎರಡು ವರ್ಷಕ್ಕೆ ನಮ್ಮ ಮನೆಯ ನೆಲದ ಸರದಿ ಬಂತು. ನಮ್ಮದು ಹೊಳೆನರಸೀಪುರದಲ್ಲಿ. ನಾನು ಮದುವೆ ಕಾರ್ಡು, ಬಿಲ್ ಪುಸ್ತಕ ಅಚ್ಚು ಹಾಕುವ ಸಣ್ಣ ಪ್ರೆಸ್ ಇಟ್ಟುಕೊಂಡವನು. ಮನೆ ಕೊಂಡಾಗಲೇ ಹಳೆಯದು, ಕೆಂಪು ಗಾರೆಯ ನೆಲ. ಹಾಲಿನ ಕಿಟಕಿಯ ಹತ್ತಿರ ಅದು ಉಬ್ಬಿ, ಬಿರಿದು, ಪುಡಿಪುಡಿಯಾಗಿ ಏಳುತ್ತಿತ್ತು. ಎಷ್ಟು ಸಲ ಸಿಮೆಂಟು ಮೆತ್ತಿದರೂ ಮತ್ತೆ ಅದೇ ಜಾಗದಲ್ಲಿ ಏಳುತ್ತಿತ್ತು. ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದೇವೆ. ಅವಳ ಕೂಸು ಅಂಬೆಗಾಲಿಡುವ ಹಂತಕ್ಕೆ ಬಂದಿತ್ತು. ಕೂಸು ಬಂದರೆ ಅಂಗೈಗೆಲ್ಲ ಗಾರೆ ಚುಚ್ಚುತ್ತದೆ ಎಂದು ನನ್ನ ಹೆಂಡತಿ ದಿನಾ ಹೇಳತೊಡಗಿದಳು.

ಹಾಸನಕ್ಕೆ ಹೋಗಿ ನೋಡಿಬರುತ್ತೇನೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಆ ಕಡೆಯಿಂದ ಗದರಿಕೆ ಬಂತು. "ನಾನ್ ಬರೋಗಂಟ ಯಾವನ್ಗೂ ಅಡ್ವಾನ್ಸ್ ಕೊಡಬ್ಯಾಡ. ನಿನ್ ಬುದ್ಧಿ ನಂಗೊತ್ತಿಲ್ವಾ? ಅವ್ನು ಕಾಫಿ ತರಿಸ್ಕೊಟ್ರೆ ನೀನು ಮನೆ ಬರ್ಕೊಟ್ ಬತ್ತೀಯ."

ಮಾತು ಸುಳ್ಳಲ್ಲ. ನನಗೆ ಯಾರೊಡನೆಯೂ ಚೌಕಾಸಿ ಬರುವುದಿಲ್ಲ. ಎದುರಿಗಿದ್ದವನು ಬೆಲೆ ಹೇಳಿದರೆ ಅವನ ಮುಖ ನೋಡಿ ನನಗೇ ನಾಚಿಕೆಯಾಗುತ್ತದೆ.

ಅವಳು ಚನ್ನರಾಯಪಟ್ಟಣದಿಂದ ಬಸ್ಸು ಹಿಡಿದು ಬಂದಳು, ನಾವು ಹೊಳೆನರಸೀಪುರದಿಂದ. ಹಾಸನದ ಬಸ್ ನಿಲ್ದಾಣದಲ್ಲಿ ಕೂಡಿಕೊಂಡು ಟೈಲ್ಸ್ ಅಂಗಡಿಗಳಿರುವ ರಸ್ತೆಗೆ ಆಟೋದಲ್ಲಿ ಹೋದೆವು. ಮೊದಲನೆಯ ಅಂಗಡಿ ಗಾಜಿನ ಬಾಗಿಲಿನದು. ಒಳಗೆ ಹೋಗುತ್ತಿದ್ದಂತೆ ತಣ್ಣನೆಯ ಜ್ಯೂಸು ಬಂತು. ಅಕ್ಕ ನನ್ನ ಕಡೆ ಒಂದು ನೋಟ ಬೀರಿದಳು. ನಾನು ಲೋಟ ಕೆಳಗಿಟ್ಟೆ.

ಅಲ್ಲೊಂದು ಬಿಳಿಯ ಟೈಲ್ಸು ನನಗೂ ನನ್ನ ಹೆಂಡತಿಗೂ ಬಹಳ ಹಿಡಿಸಿತು. ನೀರಿನಲ್ಲಿ ಹಾಲು ಬಿಟ್ಟ ಹಾಗೆ ತೆಳ್ಳಗಿನ ಗೆರೆಗಳು. ರೇಟೂ ಕಡಿಮೆಯೇ ಇತ್ತು. ಅಕ್ಕ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಆ ಟೈಲ್ಸಿನ ಮೇಲೆ ಒಂದಿಷ್ಟು ಚೆಲ್ಲಿದಳು. ಅಂಗಡಿಯವರು ಬೆಚ್ಚಿಬಿದ್ದರು.

"ಚಪ್ಲಿ ಬಿಟ್ಟು ನಿಂತ್ಕೊ ಇದ್ರ್ ಮ್ಯಾಲೆ" ಎಂದು ನನಗೆ ಹೇಳಿದಳು.

ನಿಂತೆ. ಕಾಲು ಸರ್ರನೆ ಮುಂದೆ ಹೋಯಿತು. ನನ್ನ ಹೆಂಡತಿ ತೋಳು ಹಿಡಿದುಕೊಳ್ಳದಿದ್ದರೆ ಅಂಗಡಿಯಲ್ಲೇ ಬೀಳುತ್ತಿದ್ದೆ.

"ಕೂಸು ಎದ್ದು ನಿಂತ್ಕೊಳ್ಳೋದು ಕಲಿಯೋ ಮನೆ ಅದು. ಒರಟಿರೋದು ತೋರ್ಸಿ" ಎಂದು ಅಕ್ಕ ಅಂಗಡಿಯ ಯಜಮಾನರಿಗೆ ಹೇಳಿದಳು. ಅವರು ತೋರಿಸಿದರು. ಆಮೇಲೆ ಅವಳ ಪ್ರಶ್ನೆಗಳು ಶುರುವಾದವು. ಈ ರೇಟು ಅಂಗಡಿ ಬಾಗಿಲವರೆಗೋ, ಮನೆ ಬಾಗಿಲವರೆಗೋ? ಟ್ಯಾಕ್ಸು ಸೇರಿಸಿಯೋ, ಬಿಟ್ಟೋ? ದಾರಿಯಲ್ಲಿ ಒಡೆದರೆ ಯಾರ ತಲೆಗೆ? ಮಿಕ್ಕಿದ ಬಾಕ್ಸು ವಾಪಸ್ಸು ತಗೋತೀರಾ? ಒಂದೊಂದು ಪ್ರಶ್ನೆಗೂ ಯಜಮಾನರು, "ಅದೆಲ್ಲ ಆಮೇಲೆ ಮಾಡ್ಕೊಳೋಣ ಅಮ್ಮ, ನೀವು ಮೊದ್ಲು ಡಿಸೈನು ನೋಡಿ" ಎನ್ನುತ್ತಿದ್ದರು. ಕೊನೆಗೆ ಅವರೇ ಹೇಳಿದರು: "ಹಳೇ ನೆಲ ಒಡೆಯೋದೇನೂ ಬೇಡ. ಅಂಟು ಹಾಕಿ ಮೇಲೇ ಕೂರಿಸಿಬಿಡ್ತಾರೆ. ನಿಮಗೆ ಎಷ್ಟೋ ಉಳಿಯುತ್ತೆ."

ಅಕ್ಕನ ಮುಖ ಬದಲಾಯಿತು. "ಒಸ್ಲು?"

"ಹೊಸಿಲು ನಮಗೆ ಬರಲ್ಲಮ್ಮ. ಅದು ಬಡಗಿ ಕೆಲಸ."

ಅಕ್ಕ ಎದ್ದು ನಿಂತಳು. "ಬತ್ತೀವಿ ಯಜಮಾನ್ರೆ" ಎಂದು ಕೈಮುಗಿದು ಹೊರಟೇಬಿಟ್ಟಳು. ನಾವು ಅವಳ ಹಿಂದೆ.

ಬಿಸಿಲಿನಲ್ಲಿ ಫುಟ್‌ಪಾತಿನ ಮೇಲೆ ನಿಂತು ನಾನು ಗೊಣಗಿದೆ. "ಅಷ್ಟು ಕೇಳಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ ಅಕ್ಕ."

"ನೀನು ಮದ್ವೆ ಕಾರ್ಡಿಗೆ ರೇಟ್ ಏಳುವಾಗ ಕವರ್ ಸೇರ್ಸಿ ಏಳ್ತೀಯಾ, ಬಿಟ್ಟು ಏಳ್ತೀಯಾ?"

ನಾನು ಮುಂದಿನ ಅಂಗಡಿಯ ಬೋರ್ಡು ಓದತೊಡಗಿದೆ. ನನ್ನ ಹೆಂಡತಿ ಆ ಕಡೆ ತಿರುಗಿ ನಗುತ್ತಿದ್ದಳು.

ಎರಡನೆಯ ಅಂಗಡಿ ಹಿಂದಿನ ಬೀದಿಯಲ್ಲಿತ್ತು, ಅರ್ಧ ಗೋಡೌನಿನ ಹಾಗೆ. ಅದರ ಯಜಮಾನರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಪೇಪರು ಓದುತ್ತಿದ್ದರು. ಚದರಡಿಯ ರೇಟು ಅಲ್ಲಿಗಿಂತ ಇಲ್ಲಿ ತುಸು ಜಾಸ್ತಿ. ಆದರೆ ಅಕ್ಕ ಕೇಳಿದ್ದಕ್ಕೆಲ್ಲ ಒಂದೇ ಉಸಿರಿಗೆ ಉತ್ತರ ಬಂತು. ಟ್ಯಾಕ್ಸೂ ಲಾರಿಯೂ ಸೇರಿ ಈ ರೇಟು. ಮನೆಯೊಳಗೆ ಇಳಿಸಿಕೊಡುವುದೂ ಇದರಲ್ಲೇ. ದಾರಿಯಲ್ಲಿ ಒಡೆದರೆ ಅವರದು, ಬಿಚ್ಚದ ಬಾಕ್ಸು ವಾಪಸ್ಸು, ಬಿಚ್ಚಿದ್ದು ಮಾತ್ರ ನಮ್ಮದು.

"ಇನ್ನೊಂದು ಮಾತು" ಎಂದರು ಅವರೇ. "ಮೂಲೆಗೆ ಕತ್ತರಿಸುವಾಗ ಹೋಗುತ್ತೆ, ಸ್ವಲ್ಪ ಹೆಚ್ಚಾಗೇ ತಗೊಳ್ಳಿ. ಸಾಲದೆ ಬಂದು ಆಮೇಲೆ ಓಡಿಬಂದ್ರೆ ಇದೇ ಬಣ್ಣ ಸಿಗಲ್ಲ. ಅದೇ ಕಂಪನಿ, ಅದೇ ನಂಬರ್ ಇದ್ರೂ ಒಂದು ಚೂರು ಬೇರೆ ಬರುತ್ತೆ."

ಅಕ್ಕ ಅಂದು ಮೊದಲ ಸಲ ಕುರ್ಚಿಗೆ ಒರಗಿ ಕೂತಳು. ಜೇನಿನ ಬಣ್ಣದ, ಕಾಲಿಗೆ ತುಸು ಒರಟು ಹತ್ತುವ ಟೈಲ್ಸು ಆರಿಸಿದೆವು. ನನ್ನ ಹೆಂಡತಿಗೆ ಆ ಹಾಲುಗೆರೆಯ ಬಿಳಿ ಟೈಲ್ಸಿನ ಮೇಲೆ ಇನ್ನೂ ಆಸೆ ಇತ್ತು. ಅದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಹಿಂದಕ್ಕೆ ಬರುವಾಗ ಅಕ್ಕ ಅವಳ ಕೈ ಹಿಡಿದುಕೊಂಡೇ ನಡೆದಳು, ಹೂವಿನ ಅಂಗಡಿಯಲ್ಲಿ ನಿಂತು ಅವಳಿಗೊಂದು ಮೊಳ ಮಲ್ಲಿಗೆ ಕೊಡಿಸಿದಳು.

ನೆಲ ಹಾಕುವ ಮೇಸ್ತ್ರಿ ಯಾರೆಂಬುದು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಅರಕಲಗೂಡಿನ ನಮ್ಮ ಬೀಗರು, ಎಂದರೆ ಮಗಳ ಮಾವ, ಸುದ್ದಿ ಕೇಳಿ ತಾವೇ ಫೋನ್ ಮಾಡಿದರು. "ನಮ್ ಕಡೆಯೋನೇ ಒಬ್ಬ ಅವ್ನೆ. ರುದ್ರಪಟ್ಟಣದ ಅತ್ರದೋನು, ಬೇಸಾಯದ ಜೊತೆ ಈ ಕೆಲ್ಸಾನೂ ಮಾಡ್ತಾನೆ. ನಾ ಕಳಿಸ್ತೀನಿ, ನೀವೇನೂ ಯೋಚ್ನೆ ಮಾಡ್ಬೇಡಿ" ಎಂದರು. ನಾನು ಸಂತೋಷ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿಕೊಂಡಿತು. ಬೀಗರು ಕಳಿಸಿದವನ ಹತ್ತಿರ ಕೂಲಿ ಮಾತಾಡುವುದು ಹೇಗೆ? ಬೇಡ ಎನ್ನುವಂತಿಲ್ಲ, ಹೆಚ್ಚಾಯಿತು ಎನ್ನುವಂತಿಲ್ಲ. ಹೆಂಡತಿಯೂ ನಾನೂ ಅದನ್ನೇ ಮಾತಾಡಿಕೊಂಡು ಊಟ ಮಾಡಿದೆವು.

ಅಕ್ಕ ಬಟ್ಟೆಯ ಚೀಲ ಹಿಡಿದು ನಮ್ಮಲ್ಲಿಗೇ ಬಂದು ಉಳಿದಳು. ಮೇಸ್ತ್ರಿ ಜೊತೆಗಿಬ್ಬರನ್ನು ಕರೆದುಕೊಂಡು ಅರಕಲಗೂಡಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ. ಗುಂಡುಮುಖದ, ಮಾತಿನ ಮನುಷ್ಯ. ಅಕ್ಕ ಮೂವರಿಗೂ ಕಾಫಿ ಕೊಟ್ಟು, ತಾನೂ ಲೋಟ ಹಿಡಿದು ಜಗಲಿಯ ಮೇಲೆ ಅವರೆದುರು ಕೂತಳು.

"ಒಡೆಯೋದು ನಿಂದಾ, ನಮ್ದಾ? ಒಡ್ದಿದ್ದು ಒರಗ್ ಆಕೋದ್ ಯಾರು? ಗೋಡೆ ಬುಡದ ಪಟ್ಟಿ ಇದ್ರಾಗೇ ಸೇರ್ತದಾ? ಸಂದಿ ತುಂಬೋದು?"

"ಅಮ್ಮಾ, ನಾನು ಬೀಗ್ರು ಕಡೆಯಿಂದ ಬಂದಿರೋನು. ನಿಮ್ತಾವ ನಾನೇನ್ ಏಳ್ಳಿ? ಮುಗುದ್ಮೇಲೆ ನೀವ್ ಕೊಟ್ಟಿದ್ ಇಸ್ಕೊತೀನಿ."

ನಾನು ಒಳಗೆ ನಿಂತು ಅಯ್ಯೋ ಎಂದುಕೊಂಡೆ. ಅಕ್ಕ ಲೋಟ ಪಕ್ಕಕ್ಕಿಟ್ಟಳು.

"ಬೀಗ್ರು ಕಡೆಯೋನು ಅಂತ್ಲೇ ಕೇಳ್ತಿರೋದು ಕಣಪ್ಪ. ನಾಳೆ ಇವ್ರ ಮಗಳ ಮನೇಲಿ ಏನಾರ ಕಾರ್ಯ ಆದ್ರೆ ನೀನೂ ಬತ್ತೀಯ, ನಾನೂ ಬತ್ತೀನಿ. ಒಂದೇ ಪಂಕ್ತೀಲಿ ಕೂತು ಉಣ್ಬೇಕು. ಆಗ ನಿನ್ ಮಖ ನಾನು, ನನ್ ಮಖ ನೀನು ನೋಡೋ ಅಂಗಿರ್ಬೇಕಲ್ವಾ? ಅದ್ಕೇ ಈಗ್ಲೇ ಏಳ್ಬುಡು."

ಮೇಸ್ತ್ರಿ ಉಳಿದ ಕಾಫಿ ಕುಡಿದು ಮುಗಿಸಿದ. ಆಮೇಲೆ ನಕ್ಕ. ಒಂದೊಂದಕ್ಕೂ ಇಷ್ಟಿಷ್ಟು ಎಂದು ಬಿಡಿಸಿ ಹೇಳಿದ. ಹೇಳಿದ್ದು ನ್ಯಾಯವಾಗಿಯೇ ಇತ್ತು, ಅಕ್ಕ ಒಂದು ಕಡೆ ಕೂಡ ಕಡಿಮೆ ಮಾಡು ಎನ್ನಲಿಲ್ಲ. ಒಡೆದ ಗಾರೆಯನ್ನು ಸಾಗಿಸಲು ಟ್ರ್ಯಾಕ್ಟರ್ ಬೇರೆ ಬೇಕಾಗುತ್ತದೆ ಎಂದ. ನನ್ನ ಹೆಂಡತಿ ಅಡಿಗೆಮನೆಯಿಂದಲೇ, "ಪಕ್ಕದ ಮನೆಯವರು ಸೈಟಿಗೆ ಮಣ್ಣು ತುಂಬಿಸ್ತಾ ಇದಾರಲ್ಲ, ಕೇಳಿದ್ರೆ ಅವರೇ ಹೊತ್ಕೊಂಡು ಹೋಗ್ತಾರೆ" ಎಂದಳು. ಹಾಗೇ ಆಯಿತು. ಪಕ್ಕದವರು ನಮಗೇ ಉಪಕಾರ ಹೇಳಿ ತುಂಬಿಕೊಂಡು ಹೋದರು.

ಎಲ್ಲ ಕೇಳಿಯಾಯಿತು, ಇನ್ನು ಯಾವ ಖರ್ಚೂ ಎಲ್ಲೂ ಅಡಗಿಲ್ಲ ಎಂದು ನಾವು ನೆಮ್ಮದಿಯಿಂದ ಇದ್ದೆವು. ಕಿಟಕಿಯ ಹತ್ತಿರದ ನೆಲ ಒಡೆಯುವಾಗ ಮೇಸ್ತ್ರಿಯ ಹಾರೆ ಸದ್ದಿಲ್ಲದೆ ಒಳಗಿಳಿಯಿತು. ಎಳೆದರೆ ತುದಿಯಲ್ಲಿ ಕೆಸರು.

"ಸಾ, ಒಸಿ ಬನ್ನಿ ಇಲ್ಲಿ."

ಹೋಗಿ ನೋಡಿದೆ. ಗಾರೆಯ ಕೆಳಗೆ ಮಣ್ಣೆಲ್ಲ ನೆನೆದು ಮುದ್ದೆಯಾಗಿತ್ತು. ಗೋಡೆಯ ಆಚೆ ಬಚ್ಚಲು. ಅಲ್ಲಿನ ನೀರಿನ ಪೈಪು ನೆಲದೊಳಗೆ ಎಲ್ಲೋ ಬಿರುಕು ಬಿಟ್ಟು, ಎಷ್ಟೋ ವರ್ಷದಿಂದ ಹನಿಹನಿಯಾಗಿ ಇಲ್ಲಿ ಇಂಗುತ್ತಿತ್ತು. ನಾವು ಮೇಲೆ ಸಿಮೆಂಟು ಮೆತ್ತುತ್ತಲೇ ಇದ್ದೆವು, ನೀರು ಕೆಳಗಿನಿಂದ ಎಬ್ಬಿಸುತ್ತಲೇ ಇತ್ತು. ಪ್ಲಂಬರ್ ಬಂದು ನೋಡಿ, ತುಂಡಿಗೆ ತುಂಡು ಹಾಕಿದರೆ ನಿಲ್ಲುವುದಿಲ್ಲ, ಬಚ್ಚಲಿನಿಂದ ತೊಟ್ಟಿಯವರೆಗೆ ಪೈಪು ಪೂರ್ತಿ ಬದಲಿಸಬೇಕು ಎಂದ. ಆಮೇಲೆ ಹಸಿ ಮಣ್ಣು ತೆಗೆದು, ಜಲ್ಲಿ ತುಂಬಿ, ದಿಮ್ಮಸು ಹೊಡೆದು ಗಟ್ಟಿ ಮಾಡಬೇಕು.

ನಾನು ಪ್ಲಂಬರ್ ಜೊತೆ ಮಾತು ಮುಗಿಸಿ ನೋಡಿದರೆ ಅಕ್ಕ ಇರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಮೊದಲಿನ ಜೋರೆಲ್ಲ ಇಳಿದುಹೋಗಿತ್ತು.

"ಎಲ್ಲಾನೂ ಕೇಳಿದ್ನಲ್ಲೋ" ಎಂದಳು. "ಇದ್ ಕೇಳೋದು ಒಳೀಲೇ ಇಲ್ಲ ಕಣ್ಲಾ. ನೆಲ ಒಡಿಸೋ ಅಂಗ್ ಮಾಡ್ದೋಳು ನಾನೇ. ಮೇಲೇ ಕೂರ್ಸಿದ್ರೆ ಈ ಖರ್ಚು ಬತ್ತಿರ್ಲಿಲ್ಲ."

ನಾನು ಅವಳ ಪಕ್ಕ ಕೂತೆ. "ಮೇಲೇ ಕೂರಿಸಿದ್ರೆ ಹೊಸ ಟೈಲ್ಸೂ ಉಬ್ಬಿ ಏಳೋದು ಅಕ್ಕ. ಆಗ ಅದನ್ನೂ ಒಡೀಬೇಕಿತ್ತು, ಇದನ್ನೂ ಮಾಡಬೇಕಿತ್ತು. ನೀನು ಹೊಸಿಲು ಹೊಸಿಲು ಅಂತ ಹಠ ಹಿಡಿದಿದ್ದಕ್ಕೆ ಇದು ಇವತ್ತು ಸಿಕ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಸಮಾಧಾನಕ್ಕೆ ಹೇಳುತ್ತಿದ್ದೇನೋ, ನಿಜಕ್ಕೂ ಹೇಳುತ್ತಿದ್ದೇನೋ ಎಂದು ತೂಗುತ್ತಿದ್ದಳು. ನನ್ನ ಹೆಂಡತಿ ಅಲ್ಲಿಗೆ ಬಂದು ಇನ್ನೊಂದು ಮೆಟ್ಟಿಲ ಮೇಲೆ ಕೂತಳು. ಮೂವರೂ ಅಲ್ಲೇ ತೀರ್ಮಾನ ಮಾಡಿದೆವು. ಹಾಲು, ನಡುಮನೆ, ಅಡಿಗೆಮನೆಗೆ ಮಾತ್ರ ಈಗ ಹೊಸ ನೆಲ. ಹಿಂದಿನ ಕೋಣೆ ಇದ್ದ ಹಾಗೇ ಇರಲಿ, ಅಲ್ಲಿ ಗಾರೆ ಗಟ್ಟಿಯಾಗಿಯೇ ಇದೆ. ಅದಕ್ಕೆಂದು ತಂದಿದ್ದ ಬಾಕ್ಸುಗಳನ್ನು ಬಿಚ್ಚದೆ ಹಾಸನಕ್ಕೆ ಫೋನ್ ಮಾಡಿದೆವು. ಆ ಯಜಮಾನರು ಮಾತು ತಪ್ಪಲಿಲ್ಲ, ಈ ಕಡೆ ಬಂದ ಲಾರಿಯಲ್ಲಿ ವಾಪಸ್ಸು ತರಿಸಿಕೊಂಡರು. ಆ ದುಡ್ಡು ಪೈಪಿಗೆ ಆಯಿತು.

ಹಸಿ ಆರುವವರೆಗೆ ಕೆಲಸ ಕುಂಟಿತು. ಅಕ್ಕ ಊರಿಗೆ ಹೋಗುವ ಮಾತೇ ಆಡಲಿಲ್ಲ. ಭಾವ ದಿನಾ ಫೋನ್ ಮಾಡಿ, "ನಿಮ್ಮಕ್ಕನ್ನ ನೀವೇ ಇಟ್ಕೊಂಬುಟ್ರಾ ಎಂಗೆ?" ಎಂದು ಕೇಳುತ್ತಿದ್ದರು. ಮೇಸ್ತ್ರಿಗೂ ಅವನ ಜೊತೆಯವರಿಗೂ ನಾನು ಮೊದಮೊದಲು ಹೋಟೆಲಿನಿಂದ ತಿಂಡಿ ತರಿಸುತ್ತಿದ್ದೆ. ಒಂದು ದಿನ ಇಡ್ಲಿ, ಒಂದು ದಿನ ದೋಸೆ, ಬೀಗರ ಕಡೆಯವರಲ್ಲವೇ ಎಂದು ಜೊತೆಗೆ ಕೇಸರಿಬಾತು. ಅಕ್ಕ ಅದನ್ನು ಕಂಡು ಹಣೆ ಚಚ್ಚಿಕೊಂಡಳು. ಮಾರನೆಯ ದಿನದಿಂದ ಒಲೆಯ ಮುಂದೆ ತಾನೇ ನಿಂತಳು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮೇಸ್ತ್ರಿ ಉಂಡ ಮೇಲೆ ಒಂದು ಗಳಿಗೆ ಗೋಡೆಗೆ ಒರಗಿ, "ಅಮ್ಮಾ, ಇದುನ್ನ ಉಂಡು ಗುಂಡ್ ಎತ್ತಬೋದು, ಬಗ್ಗಿ ಟೈಲ್ಸ್ ಕೂರ್ಸಾಕಾಗಾಕಿಲ್ಲ" ಎನ್ನುತ್ತಿದ್ದ. ಆದರೂ ಬಗ್ಗಿ ಕೂರಿಸುತ್ತಿದ್ದ. ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಕೇಳಿ ಕೇಳಿ ಬಂದದ್ದೋ ಏನೋ, ಕೆಲಸ ಮಾಡುವಾಗ ಯಾವುದೋ ರಾಗವನ್ನು ಮೂಗಿನಲ್ಲೇ ಎಳೆಯುತ್ತಿದ್ದ. ಟೈಲ್ಸಿನ ಮೇಲೆ ಮರದ ಸುತ್ತಿಗೆಯ ಪೆಟ್ಟು ಅದಕ್ಕೆ ತಾಳ. ಅಕ್ಕ ತರಕಾರಿ ಹೆಚ್ಚುತ್ತ ತಲೆದೂಗುತ್ತಿದ್ದಳು.

ಕೆಲಸ ಮುಗಿದ ದಿನ ಬಾಗಿಲುಗಳನ್ನೆಲ್ಲ ಅಕ್ಕ ತಾನೇ ಒಂದೊಂದಾಗಿ ತೆರೆದು ಮುಚ್ಚಿ ನೋಡಿದಳು. ಒಂದೂ ನೆಲ ಮುಟ್ಟಲಿಲ್ಲ. ಮೇಸ್ತ್ರಿಗೆ ಮೊದಲು ಮಾತಾಡಿದಷ್ಟನ್ನೇ ಕೊಟ್ಟೆವು, ಜೊತೆಗೆ ಒಂದು ಪಂಚೆ. ಅವನು ಕೂಲಿಯನ್ನು ಎಣಿಸದೆ ಜೇಬಿಗಿಟ್ಟ, ಪಂಚೆಯನ್ನು ಬಿಚ್ಚಿ ಅಂಚು ನೋಡಿದ.

ಮುಂದಿನ ಭಾನುವಾರ ಬೀಗರು, ಮಗಳು, ಅಳಿಯ, ಕೂಸು ಎಲ್ಲ ಬಂದರು. ಕೂಸನ್ನು ಹಾಲಿನ ನಡುವೆ ಇಳಿಸಿ ಸುತ್ತ ಕೂತೆವು. ಅದು ಅಂಗೈಯಿಂದ ಟೈಲ್ಸನ್ನು ಎರಡು ಸಲ ಬಡಿಯಿತು, ನಮ್ಮೆಲ್ಲರ ಮುಖ ನೋಡಿತು, ಆಮೇಲೆ ಸರಸರನೆ ಅಂಬೆಗಾಲಿಟ್ಟು ನಡುಮನೆ ದಾಟಿ ಹಿಂದಿನ ಕೋಣೆಗೆ ಹೋಗಿ ಅಲ್ಲಿನ ಕೆಂಪು ಗಾರೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿಬಿಟ್ಟಿತು. ಎತ್ತಿಕೊಂಡು ಬಂದರೆ ಮತ್ತೆ ಅಲ್ಲಿಗೇ ಹೋಯಿತು. ನನ್ನ ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಬೀಗರು ಮನೆಯೆಲ್ಲ ಸುತ್ತಿ ನೋಡಿದರು. ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ, ಮೇಸ್ತ್ರಿ ಹೇಗೆ, ಕೂಲಿ ಎಷ್ಟಾಯಿತು ಎಂದು ಮೆಲ್ಲಗೆ ಕೇಳಿದರು. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಪೈಪಿನ ಕಥೆಯನ್ನೂ ಬಿಡಲಿಲ್ಲ, ತಾನು ಮೆಟ್ಟಿಲ ಮೇಲೆ ಹೋಗಿ ಕೂತದ್ದನ್ನೂ ಬಿಡಲಿಲ್ಲ.

ಬೀಗರು ಎದ್ದು ಹೋಗಿ ತಲೆಬಾಗಿಲ ಹೊಸಿಲನ್ನೊಮ್ಮೆ ಬಗ್ಗಿ ನೋಡಿದರು. ಹೊರಡುವಾಗ ಅಂಗಳದಲ್ಲಿ ನಿಂತು, ಗಂಟಲು ಸರಿ ಮಾಡಿಕೊಂಡು, ಅಕ್ಕನಿಗೇ ನೇರವಾಗಿ ಹೇಳಿದರು: "ಅಮ್ಮಾ, ನಮ್ಮನೇದೂ ಈ ವರ್ಷ ಮಾಡಿಸ್ಬೇಕು ಅಂತಿದೀವಿ. ಆಸನಕ್ಕೆ ಓಗುವಾಗ ನಮ್ ಜೊತೆ ನೀವೂ ಒಸಿ ಬರ್ಬೇಕಲ್ಲ."

"ಬತ್ತೀನಿ ಬೀಗ್ರೆ, ಅದಕ್ಕೇನಂತೆ" ಎಂದಳು ಅಕ್ಕ. ಆಮೇಲೆ ಒಳಗೆ ಬಂದು, ಯಾವ ಸೀರೆ ಉಟ್ಟುಕೊಂಡು ಹೋಗಲಿ ಎಂದು ನನ್ನ ಹೆಂಡತಿಯನ್ನು ಕೇಳತೊಡಗಿದಳು.